ಶ್ರಾವಣದೊಳಗೆ ಕಾಲು ಮೂಡಬೇಕು

ನಾವು ಊರು ಬಿಟ್ಟು ದುಡಿಯಲು ಬಂದಿದ್ದ ಕೊಂಡಾಪುರದಲ್ಲಿ ಆಗ ಕಂಪ್ಯೂಟರ್ ಕಂಪನಿಯವರಿಗೆ ಎಷ್ಟು ಮನೆ ಕಟ್ಟಿದರೂ ಸಾಲುತ್ತಿರಲಿಲ್ಲ. ನನ್ನ ಕೆಲಸ ನೀರು ಕಾಯುವುದು. ಕಾಂಕ್ರೀಟ್ ಗಟ್ಟಿಯಾಗಲೆಂದು ಹೊಸ ಸ್ಲ್ಯಾಬಿನ ಮೇಲೆ ಗಾರೆಯ ಸಣ್ಣ ಒಡ್ಡು ಕಟ್ಟಿ ನೀರು ನಿಲ್ಲಿಸುತ್ತಾರೆ. ಅದು ಆರದಂತೆ ಪೈಪು ಹಿಡಿದು ನಿಂತಿರಬೇಕು. ಮಾತಾಡದವನಿಗೆ ಹೇಳಿ ಮಾಡಿಸಿದ ಕೆಲಸ.

ಆ ವರ್ಷ ಮೊದಲ ಮಳೆಗೆ ಕಪ್ಪೆಗಳು ನೆಲಮಟ್ಟದಲ್ಲಿದ್ದ ನನ್ನ ಸ್ಲ್ಯಾಬಿನ ನೀರಿಗೇ ಬಂದು ಮೊಟ್ಟೆಯಿಟ್ಟವು. ನೋಡನೋಡುತ್ತ ನೀರೆಲ್ಲ ಗೊದಮೊಟ್ಟೆ, ಬಾಲ ಬಂದ ಎಳ್ಳಿನ ಹಾಗೆ. ಸುತ್ತಲಿನ ಕೆರೆ-ಕುಂಟೆಗಳೆಲ್ಲ ಮುಚ್ಚಿದ ಮೇಲೆ ಕಪ್ಪೆಗಳು ಎಲ್ಲಿ ಹೋದವೆಂದು ಹುಡುಕುತ್ತ ಸಂಯುಕ್ತಾ ಬಂದಳು. ಕಪ್ಪೆಗಳ ಬಗ್ಗೆಯೇ ಓದುವ ಹುಡುಗಿ, ನಮ್ಮ ಕಡೆಯವಳೇ.

“ನಾಳಿ ಈ ನೀರ್ ಹೊರಗ ಬಿಡಸ್ತೀನಿ, ಗ್ವಾಡಿ ಎಬ್ಬಸಬೇಕು,” ಎಂದರು ಎಂಜಿನಿಯರ್ ಜನಾರ್ದನ.

“ಸರ್, ಇವಕ್ಕ ಕಾಲ್ ಮೂಡಾಕ ಇನ್ನೂ ಒಂದ್ ತಿಂಗಳ ಬೇಕ್ರಿ,” ಎಂದಳು ಸಂಯುಕ್ತಾ.

“ತಿಂಗಳಾ? ನಾ ಏನ್ ಇವುಗಳ ಬಾಣಂತನ ಮಾಡಾಕ ಬಂದೀನೇನು?”

ನಮ್ಮ ಗುಂಪಿನ ಗಂಗಾಬಾಯಿ, ಗಿರಾಕಿಗಳಿಗೆ ತೋರಿಸುವ ಮನೆಯ ಮುಂದಿನ ಕಾರಂಜಿ ತೊಟ್ಟಿಯತ್ತ ಕೈ ಮಾಡಿದಳು. “ಅಲ್ಲಿ ಬಿಡೂಣ್ರಿ ಸಾಹೇಬ್ರ. ಆಷಾಢದಾಗ ಮನಿ ನೋಡಾಕ ಯಾರ್ ಬರ್ತಾರ?”

ಸಾಹೇಬರು ಬೆರಳು ಮಡಚಿ ದಿನ ಎಣಿಸಿದರು. “ಶ್ರಾವಣದ ಮೊದಲ ಐತವಾರ ಮುಂಜಾನೆ ತೊಟ್ಟಿಗೆ ಬ್ಲೀಚಿಂಗ್ ಪೌಡರ್. ಅಷ್ಟ್ರಾಗ ಕಾಲ್ ಬಂದ್ರ ಓಡಿಹೋಗ್ಲಿ.”

ಸ್ಲ್ಯಾಬ್ ಹಾಕುವ ದಿನದಂತೆ ಸಾಲಾಗಿ ನಿಂತೆವು. ನೀರು, ಗೊದಮೊಟ್ಟೆ ತುಂಬಿದ ಕಬ್ಬಿಣದ ಬುಟ್ಟಿ ಕೈಯಿಂದ ಕೈಗೆ ಓಡಿತು.

“ಹಗೂರಕ, ಹಗೂರಕ! ಕಾಂಕ್ರೀಟ್ ಅಲ್ಲವು, ಕೂಸು!” ಎಂದು ಗಂಗಾಬಾಯಿ ಕೂಗಿದ್ದೇ ತಡ, ಇಡೀ ಸಾಲು ನಕ್ಕು ನಕ್ಕು, ನೀರು ತುಳುಕಿ ತೊಯ್ದುಹೋಯಿತು.

ಮರಿಗಳು ಹತ್ತಿ ಬರಲೆಂದು ಸಂಯುಕ್ತಾ ತೊಟ್ಟಿಯಲ್ಲಿ ಇಟ್ಟಿಗೆಯ ಮೆಟ್ಟಿಲು ಮಾಡಿದಳು. ಸಂಜೆ ನಮ್ಮನ್ನೆಲ್ಲ ಕೂಡಿಸಿ ಯಾವ ಕಪ್ಪೆ ಹೇಗೆ ಕೂಗುತ್ತದೆಂದು ಕಲಿಸುವಳು. ನನ್ನ ಸರದಿ ಬಂದರೆ ಗಂಗಾಬಾಯಿ, “ಬಿಡವ್ವಾ, ತಾಯಪ್ಪಣ್ಣನ ಬಾಯಿಗೆ ಗಾರಿ ಮೆತ್ತಿ ಗಿಲಾವ್ ಆಗೇತಿ!” ಎನ್ನುವಳು.

ಹಿಂಗಾಲು ಬಂದವು, ಮುಂಗಾಲು ಬಂದವು. ಬಾಲ ಮಾತ್ರ ಹೋಗಲೊಲ್ಲದು. ಅಷ್ಟರಲ್ಲಿ ಆ ಐತವಾರ ಬಂದೇ ಬಿಟ್ಟಿತು.

ಜನಾರ್ದನ ಸಾಹೇಬರು ಪೌಡರಿನ ಪೊಟ್ಟಣ ಹಿಡಿದು ಬಂದರು. ಆದರೆ ಆಷಾಢವಿಡೀ ಕಾದಿದ್ದ ಗಿರಾಕಿಗಳ ಕಾರುಗಳು ಅವರ ಬೆನ್ನಿಗೇ ಬಂದವು. ಸರಿಯಾಗಿ ಆಗಲೇ ಒಂದು ಹನಿ ಮಳೆ.

ಟಪ್ಪೆಂದು ಒಂದು ಮರಿ ಮೆಟ್ಟಿಲೇರಿ ಜಿಗಿಯಿತು. ಅದರ ಹಿಂದೆ ಹತ್ತು, ನೂರು! ಅಂಗಳವೆಲ್ಲ ಹುರಿಯುವ ಜೋಳದ ಅರಳಿನಂತೆ ಸಿಡಿಯತೊಡಗಿತು. ಬೂಟು ಹಾಕಿದ ದೊಡ್ಡವರೆಲ್ಲ ಒಂಟಿಗಾಲಲ್ಲಿ ಕುಣಿದರು.

“ಅಪ್ಪಾ, ಕಪ್ಪಿ ಮನಿ! ನಮಗ ಇದ ಬೇಕು!” ಎಂದು ನಿರೀಕ್ಷಾ ಎಂಬ ಪುಟ್ಟ ಹುಡುಗಿ ನಮ್ಮ ಕಡೆಯ ಮಾತಿನಲ್ಲೇ ಕಿರುಚಿದಳು.

ಅವಳ ಅಪ್ಪ ಸಾಹೇಬರನ್ನು ಕೇಳಿದ, “ಇವು ಯಾವಾಗ್ಲೂ ಇರ್ತಾವೇನ್ರಿ?”

ಪೊಟ್ಟಣ ಬೆನ್ನ ಹಿಂದೆ ಹೋಯಿತು. “ಇರ್ತಾವ್ರಿ! ಸೊಳ್ಳಿ ತಿಂತಾವ. ನಾವ ಬೇಕಂತ ಸಾಕೀವಿ.”

“ಹೌದ್ರಿ,” ಎಂದಳು ಗಂಗಾಬಾಯಿ, “ಬಾಣಂತನ ಸಾಹೇಬ್ರದ!”

ಹುಡುಗಿ ನನ್ನ ಪೈಪು ಜಗ್ಗಿದಳು. “ಮುತ್ಯಾ, ಕಪ್ಪಿ ಹೆಂಗ ಒದರ್ತೈತಿ?”

ಎಲ್ಲರೂ ನನ್ನತ್ತ ತಿರುಗಿದರು. ಪೈಪು ಕೆಳಗಿಟ್ಟೆ. ಗಲ್ಲ ಉಬ್ಬಿಸಿದೆ. “ವಟ್ರ್! ವಟ್ರ್! ವಟ್ರ್!”

ತೊಟ್ಟಿಯ ಹಿಂದಿನಿಂದ ದೊಡ್ಡ ಕಪ್ಪೆಯೊಂದು ತಕ್ಷಣ ಉತ್ತರ ಕೊಟ್ಟಿತು. ಸಂಯುಕ್ತಾ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡಳು.

ಸಾಹೇಬರು ಮೆಲ್ಲಗೆ ಬಂದು ಪೊಟ್ಟಣವನ್ನು ನನ್ನ ಕೈಗೆ ತುರುಕಿದರು. “ಸಂಡಾಸಕ್ಕ ಹಾಕು. ಆಮ್ಯಾಲ ತೊಟ್ಟಿಗಿ ನೀರ್ ಬಿಡು. ಆರಬಾರ್ದು.”