ಏನಾಗಬೇಕು?

"ಬಾಯಲ್ಲಿ ನಾಲಿಗೆ ಇದೆಯೋ ಇಲ್ವೋ? ಜೋರಾಗಿ ಬೊಗಳು. ಈ ಗಂಡಸು ನಿನಗೆ ಏನಾಗಬೇಕು?"

ವೀಸಾ ಕಚೇರಿಯ ಕಿಟಕಿಗಾಜಿನಲ್ಲಿ ಮಾತಾಡಲೆಂದು ಕೊರೆದಿದ್ದ ತೂತುಗಳು ನನ್ನ ಬಾಯಿಗಿಂತ ಮೇಲಿದ್ದವು. ತುದಿಗಾಲಲ್ಲಿ ನಿಂತೆ.

"ಗಂಡ ಆಗಬೇಕು."

ಕಿಟಕಿಯವನು ಕಂಪ್ಯೂಟರಿನಲ್ಲಿ ಏನನ್ನೋ ಕುಟ್ಟಿದ. ತಲೆ ಎತ್ತಲಿಲ್ಲ. "ನೆಕ್ಸ್ಟ್" ಎಂದ. ಹಿಂದಿದ್ದವರು ನನ್ನನ್ನು ಭುಜದಿಂದ ಸರಿಸಿ ಮುಂದೆ ಹೋದರು. ಅಷ್ಟೇ ನಡೆದದ್ದು.

ನಾನು ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಆಸ್ಪತ್ರೆ, ಹೋಟೆಲುಗಳ ಚಾದರಗಳು ಲಾರಿಯಲ್ಲಿ ಬರುತ್ತವೆ. ರಕ್ತದ್ದು, ವಾಂತಿಯದ್ದು, ಬೇರೆಯವರ ಸುಖದ್ದು. ಡಿಗ್ರಿ ಮುಗಿಸಿದವಳೆಂದು ಮೇಸ್ತ್ರಿ ನನಗೆ ಗುರುತು ಹಾಕುವ ಕೆಲಸ ಕೊಟ್ಟ. ಪ್ರತಿ ಚಾದರದ ಮೂಲೆಯಲ್ಲಿ ಅದು ಯಾರದೆಂದು ಒಗೆದರೂ ಹೋಗದ ಶಾಯಿಯಲ್ಲಿ ಬರೆಯುವುದು. "ಓದಿದ್ದು ಸಾರ್ಥಕ ಆಯ್ತಲ್ಲಮ್ಮಾ, ಬೆಳಗಿಂದ ಸಂಜೆ ತನಕ ಬರೀತಾನೇ ಇರ್ತೀಯ" ಎಂದು ನಗುತ್ತಾನೆ. ಬರೆದು ಮುಗಿದ ಮೇಲೆ ಮಡಿಸಲು ನಿಲ್ಲಬೇಕು.

ದೊಡ್ಡ ಚಾದರ ಮಡಿಸಲು ಇಬ್ಬರು ಬೇಕು. ಎರಡು ತುದಿ ಹಿಡಿದು ಎಳೆಯಬೇಕು, ಕೊಡವಬೇಕು. ಎದುರುಬದುರು ನಡೆದು ಹತ್ತಿರ ಬಂದು ನನ್ನ ಮೂಲೆಗಳನ್ನು ಆಚೆಯವರ ಕೈಗೆ ಕೊಡಬೇಕು, ಬಗ್ಗಿ ಕೆಳಗಿನ ಮಡಿಕೆ ಎತ್ತಿಕೊಂಡು ಹಿಂದೆ ಸರಿಯಬೇಕು. ನನ್ನ ಆಚೆ ತುದಿಗೆ ಅವನನ್ನು ನಿಲ್ಲಿಸಿದ್ದರು.

ಅವನು ಗಡಿಯಾಚೆಯವನು. ಬಂದಾಗ ನಮ್ಮ ಭಾಷೆಯ ಒಂದೇ ಪದ ಅವನಿಗೆ ಗೊತ್ತಿತ್ತು. ಬಕೆಟ್ಟು ತೋರಿಸಿ "ಬೇಕು" ಎನ್ನುತ್ತಿದ್ದ. ನಲ್ಲಿ ತೋರಿಸಿ "ಬೇಕು." ಮಡಿಸುವ ಹೆಂಗಸರು ಅವನಿಗೆ ಅದನ್ನೇ ಹೆಸರಿಟ್ಟರು. "ಲೋ ಬೇಕೂ, ಬಾರೋ ಇಲ್ಲಿ!" ಎಂದರೆ ಹಲ್ಲು ಬಿಟ್ಟುಕೊಂಡು ಓಡಿ ಬರುತ್ತಿದ್ದ.

ನಮ್ಮ ಸಾಲಿನ ಹಿರಿಯಳನ್ನು ಎಲ್ಲರೂ ಚಾದರದಕ್ಕ ಎನ್ನುತ್ತೇವೆ. ಅವಳೇ ಮೊದಲು ಕಂಡುಹಿಡಿದಳು.

"ಏನೇ ಇದು? ಎಲ್ಲರೂ ನಾಲ್ಕು ಮಡಿಕೆ ಹಾಕ್ತಾರೆ, ನೀವಿಬ್ರೂ ಇನ್ನೂ ಮಡಿಸ್ತಾನೇ ಇದೀರ? ಆ ಚಾದರ ಕರ್ಚೀಫ್ ಆಗೋ ತನಕ ಬಿಡಲ್ವೇನೇ?"

ಹೆಂಗಸರು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅವನು ಅರ್ಥವಾಗದೆ ಅವರೊಂದಿಗೆ ನಕ್ಕ.

ಎಷ್ಟೋ ತಿಂಗಳ ಮೇಲೆ, ಒಂದು ಮಡಿಕೆಯಲ್ಲಿ ಹತ್ತಿರ ಬಂದಾಗ ಕೇಳಿದ. "ಮದುವೆ ಬೇಕು?"

"ಯಾರಿಗೆ?"

ಅವನು ಯೋಚಿಸಿದ. "ಇಬ್ಬರಿಗೆ."

ಮನೆಯಲ್ಲಿ ಹೇಳಿದಾಗ ಅಮ್ಮ ತರಕಾರಿ ಹೆಚ್ಚುತ್ತಿದ್ದಳು. "ಈ ಕಡೆ ಗಂಡಸರೆಲ್ಲ ಸತ್ತುಹೋಗಿದ್ರೇನೇ?" ಎಂದಳು. ಕೈಯಲ್ಲಿದ್ದ ಕಾಯಿ ಹೆಚ್ಚಿ ಮುಗಿಸಿ, "ಕುಡೀತಾನಾ?" ಎಂದಳು. ಇಲ್ಲ ಎಂದೆ. ಅವಳು ಮತ್ತೆ ಹೆಚ್ಚತೊಡಗಿದಳು. ಒಪ್ಪಿದಳೆಂದು ಗೊತ್ತಾಯಿತು.

ಅವನ ಕೈ ಸುಟ್ಟದ್ದು ಆ ದಿನಗಳಲ್ಲೇ. ಬ್ಲೀಚಿಂಗ್ ಪುಡಿ ಕಲಸುವ ತೊಟ್ಟಿಯ ಕೆಲಸಕ್ಕೆ ಅವನನ್ನು ಹಾಕಿದ್ದರು. ಬೆರಳ ಸಂದಿಯ ಚರ್ಮ ಸಿಪ್ಪೆಯಂತೆ ಎದ್ದು ಬರುತ್ತಿತ್ತು. ಮೇಸ್ತ್ರಿಯ ಮುಂದೆ ಎರಡೂ ಕೈ ಚಾಚಿ ನಿಂತ.

"ಗ್ಲೌಸ್ ಬೇಕು."

"ಏನಂದೆ?"

"ಗ್ಲೌಸ್ ಬೇಕು. ಎಲ್ಲರಿಗೆ ಬೇಕು."

ಎಲ್ಲರಿಗೆ ಎನ್ನುವ ಪದ ಅವನಿಗೆ ಯಾರು ಕಲಿಸಿದರೋ. ಮೇಸ್ತ್ರಿ ಎದ್ದ.

"ಬೇಕು ಬೇಕು ಬೇಕು! ಬಂದಾಗಿಂದ ಇದೇ ರಾಗ. ಬೋಳಿಮಗನೆ, ಗತಿ ಇಲ್ಲದೆ ಬಂದೋನು ನೀನು. ನಾಳೆಯಿಂದ ಬರಬೇಡ, ಹೋಗು. ಬೇಡ ಅನ್ನೋದೂ ಕಲಿತ್ಕೊ."

ಅವನಿಗೆ ಇಲ್ಲಿರಲು ಕೊಟ್ಟ ಪರವಾನಗಿ ಈ ಕೆಲಸಕ್ಕೆ ಗಂಟು ಹಾಕಿದ್ದು. ಕೆಲಸ ಹೋದರೆ ಅದೂ ಹೋಯಿತು. ಗಡಿಗೆ ಹೋಗುವ ಬಸ್ಸಿನಲ್ಲಿ ಅವನನ್ನು ಕೂರಿಸಿದಾಗ ಕಿಟಕಿಯಿಂದ ಕೈ ಚಾಚಿದ. ಪಟ್ಟಿ ಕಟ್ಟಿದ ಕೈ, ಹಿಡಿಯಲಾಗಲಿಲ್ಲ. ಮಣಿಕಟ್ಟು ಹಿಡಿದೆ. ನಾನು ಅಳಲಿಲ್ಲ. ಅಳು ಬರಬಹುದೆಂದು ಮನೆ ತನಕ ಕಾದೆ, ಬರಲಿಲ್ಲ.

ಕಚೇರಿಯ ಹೊರಗೆ ಛತ್ರಿಯ ಕೆಳಗೆ ಅರ್ಜಿ ಬರೆದುಕೊಡುವ ಮುದುಕನೊಬ್ಬ ಕೂರುತ್ತಾನೆ. ಅವನೇ ದಾರಿ ಹೇಳಿದ.

"ನೋಡು ತಾಯಿ, ಮೂರು ದಾರಿ. ನೀನು ಆ ಕಡೆ ಹೋಗಿ ಮದುವೆಯಾಗು, ಸರ್ಟಿಫಿಕೇಟ್ ತಗೊಂಡು ಬಾ, ಹೆಂಡತಿಯಾಗಿ ಗಂಡನ್ನ ಕರೆಸ್ಕೊ. ರಜ ಕೊಡ್ತಾರಾ?"

"ಹೋದ್ರೆ ವಾಪಸ್ ತಗೊಳ್ಳಲ್ಲ ಅಂತಾರೆ ಮೇಸ್ತ್ರಿ."

"ಕೆಲಸ ಇಲ್ಲದೋಳು ಗಂಡನ್ನ ಕರೆಸೋ ಹಾಗಿಲ್ಲ. ಆ ದಾರಿ ಮುಚ್ಚೋಯ್ತು. ಇನ್ನೊಂದು, ಅವನು ಸುಮ್ನೆ ನೋಡೋಕೆ ಬಂದೆ ಅಂತ ವೀಸಾ ತಗೊಂಡು ಬಂದು ಇಲ್ಲೇ ತಾಳಿ ಕಟ್ಟೋದು. ಅದು ಮೋಸ. ಸಿಕ್ಕಿಬಿದ್ರೆ ಜನ್ಮದಲ್ಲಿ ಮತ್ತೆ ಬಿಡಲ್ಲ. ಉಳಿದಿದ್ದು ಒಂದೇ. ಮದುವೆಯಾಗೋ ಗಂಡು ಅಂತ ಅರ್ಜಿ ಹಾಕು. ಬಂದು ಅವರು ಹೇಳಿದ ಗಡುವಿನೊಳಗೆ ಕಟ್ಕೋಬೇಕು. ಆದ್ರೆ ಇಬ್ಬರಿಗೂ ಮದುವೆ ಆಗಿರಬಾರದು, ತಿಳೀತಾ? ಫೋಟೋ ಇದೆಯಾ ಜೊತೇಲಿ?"

ಇರಲಿಲ್ಲ. ನಮ್ಮ ಫೋನುಗಳನ್ನು ಗೇಟಿನಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ.

"ಹಾಗಿದ್ರೆ ಮಾತಲ್ಲೇ ನಂಬಿಸ್ಬೇಕು. ಕೇಳಿದಾಗ ಸರಿಯಾಗಿ ಹೇಳು."

ಕೇಳಿದಾಗ ಹೇಳಿದ್ದೆ. ಗಂಡ ಆಗಬೇಕು ಎಂದು. ನಮ್ಮ ಮಾತಿನಲ್ಲಿ ಅಪ್ಪನೂ ಆಗಬೇಕು, ಸೋದರತ್ತೆಯೂ ಆಗಬೇಕು. ಆಗಿಯೇ ಇರುವವರೂ ಆಗಬೇಕಾದವರೇ. ಕಿಟಕಿಯವನು ಗಂಡ ಎಂದು ಕುಟ್ಟಿದ್ದ.

ಆ ಕಡೆ ಅವನನ್ನೂ ನಮ್ಮ ದೇಶದ ಕಚೇರಿಗೆ ಕರೆಸಿದರು. ಸಂಜೆ ಫೋನಿನಲ್ಲಿ ಅವನ ದನಿ ಹಿಗ್ಗಿತ್ತು. "ನನ್ನ ಭಾಷೆ ಬೇಡ ಅಂದೆ. ನಿನ್ನ ಭಾಷೇಲೇ ಮಾತಾಡ್ದೆ."

"ಏನ್ ಕೇಳಿದ್ರು?"

"ಅವಳು ನಿನಗೆ ಏನಾಗಬೇಕು ಅಂದ್ರು. ಬೇಕು ಅಂದೆ."

"ಆಮೇಲೆ?"

"ಮತ್ತೆ ಅದೇ ಕೇಳಿದ್ರು. ಜೋರಾಗಿ ಅಂದೆ. ಬೇಕು!"

"ಸರಿ ತಾನೇ?" ಎಂದ.

"ಸರಿ" ಎಂದೆ.

ಕೆಲವು ವಾರಗಳ ಮೇಲೆ ಕಚೇರಿಯ ಒಳಗಿನ ಕೋಣೆಗೆ ಕರೆ ಬಂತು. ಅಧಿಕಾರಿ ಬಿಸ್ಕತ್ತು ತಿನ್ನುತ್ತಿದ್ದ. ಕೂರು ಎನ್ನಲಿಲ್ಲ. ನಾನು ಕೆಲಸದಿಂದ ನೇರ ಬಂದಿದ್ದೆ, ಏಪ್ರನ್ನಿನ ಸಮೇತ.

"ಅರ್ಜೀಲಿ ಮದುವೆಯಾಗೋ ಗಂಡು ಅಂತಿದೆ. ಇಲ್ಲಿ ಬಂದು ಗಂಡ ಅಂದಿದೀಯ. ಅಲ್ಲಿ ಅವನು ಸಂಬಂಧ ಏನಯ್ಯಾ ಅಂದ್ರೆ ಬೇಕು ಬೇಕು ಅಂತ ಭಿಕ್ಷುಕನ ಥರ ಒದರಿದಾನೆ. ಯಾರಿಗೆ ಟೋಪಿ ಹಾಕ್ತಿದೀರ?"

"ಗಂಡ ಆಗಬೇಕು ಅಂದಿದ್ದೆ ಸಾರ್. ಅಂದ್ರೆ, ಇನ್ನು ಮೇಲೆ—"

"ವ್ಯಾಕರಣ ಹೇಳ್ಕೊಡ್ತೀಯೇನೇ ನನಗೆ?" ಕೆಮ್ಮಿದ. ಬಿಸ್ಕತ್ತಿನ ಪುಡಿ ಹಾರಿತು. "ಇದುವರೆಗೂ ಮಲಗಿಲ್ವಾ ಅವನ ಜೊತೆ? ಚಾದರ ತೊಳೆಯೋ ಜಾಗ, ಚಾದರಕ್ಕೇನು ಕಮ್ಮಿ."

ಮೂಲೆಯಲ್ಲಿ ಟೈಪು ಮಾಡುತ್ತಿದ್ದವಳು ಕೈ ನಿಲ್ಲಿಸಿದಳು. ಬಳಿಕ ಮತ್ತೆ ಟೈಪು ಮಾಡಿದಳು. ಫ್ಯಾನು ತಿರುಗುತ್ತಿತ್ತು. ನನ್ನೊಳಗೆ ಏನೂ ಆಗಲಿಲ್ಲ. ಯಾರಿಗೋ ಹೇಳಿದ್ದನ್ನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡ ಹಾಗಿತ್ತು.

ಅವನು ಒಂದು ಖಾಲಿ ಹಾಳೆ ನನ್ನ ಕಡೆ ತಳ್ಳಿದ.

"ಸುಳ್ಳು ಹೇಳಿದ್ದೆ, ತಪ್ಪಾಯ್ತು ಅಂತ ಬರೆದು ಸಹಿ ಹಾಕು. ಈ ಅರ್ಜಿ ಮುಚ್ಚಿಹಾಕ್ತೀನಿ. ಕೆಲವು ವರ್ಷ ಬಿಟ್ಟು ಹೊಸದು ಹಾಕ್ಕೊ, ನೋಡೋಣ."

"ಬರೀದಿದ್ರೆ?"

"ಬರೀದಿದ್ರೆ ಅವನು ಈ ಕಡೆ ಕಾಲಿಡೋ ಮಾತೇ ಇಲ್ಲ."

ಛತ್ರಿಯ ಮುದುಕ ಒಳಗೆ ಕಳಿಸುವಾಗ ಹೇಳಿದ್ದ: ಸುಳ್ಳುಗಾತಿ ಅಂತ ನೀನೇ ಬರ್ಕೊಟ್ರೆ ಮುಂದೆ ಸತ್ಯ ಹೇಳಿದ್ರೂ ನಂಬಲ್ಲ, ತಾಯಿ.

ಅಧಿಕಾರಿ ಪೆನ್ನು ಹುಡುಕುತ್ತಿದ್ದ. ನಾನು ಏಪ್ರನ್ನಿನ ಜೇಬಿಗೆ ಕೈ ಹಾಕಿ ಗುರುತಿನ ಪೆನ್ನು ತೆಗೆದೆ. ಮುಚ್ಚಳ ಬಿಚ್ಚಿದೊಡನೆ ಅದರ ಘಾಟು ಕೋಣೆಯಲ್ಲಿ ಹರಡಿತು. ಚಾದರದ ಮೇಲೆ ಬರೆಯುವ ಹಾಗೆಯೇ ದಪ್ಪಕ್ಕೆ, ಒತ್ತಿ, ನಿಧಾನವಾಗಿ ಬರೆದೆ. ಅವಸರ ಮಾಡಿದರೆ ಅಕ್ಷರ ಒಡೆಯುತ್ತದೆ.

ಗಂಡ ಆಗಬೇಕು.

ಕೆಳಗೆ ಸಹಿ ಹಾಕಿದೆ. ಮುಚ್ಚಳ ಮುಚ್ಚಿ ಪೆನ್ನನ್ನು ಜೇಬಿಗೆ ಹಾಕಿಕೊಂಡೆ.

ಹಾಳೆ ಎತ್ತಿ ಓದಿ ಅವನು ಮುದುರಿ ಎಸೆದ. "ದರಿದ್ರ ಮುಂಡೇದೇ, ಎದ್ದೋಗೇ ಆಚೆ!" ಎಂದ. ನಾನು ಕೂತೇ ಇರಲಿಲ್ಲ. ಶಾಯಿ ಹಾಳೆ ದಾಟಿ ಇಳಿದಿತ್ತು. ಮೇಜಿನ ಬಿಳಿ ಹಲಗೆಯ ಮೇಲೆ ನನ್ನ ಅಕ್ಷರ ಕೂತಿತ್ತು, ಅಲ್ಲಲ್ಲಿ ಹರಿದ ಹಾಗೆ, ಓದಲು ಬರುವಷ್ಟು. ಅವನು ಅಂಗೈಯಿಂದ ಉಜ್ಜಿದ. ಕರವಸ್ತ್ರ ಒದ್ದೆ ಮಾಡಿ ಉಜ್ಜಿದ. ನಾನು ಬಾಗಿಲು ದಾಟಿದಾಗಲೂ ಉಜ್ಜುವ ಸದ್ದು ಕೇಳುತ್ತಿತ್ತು.

ಕಾರ್ಖಾನೆಯಲ್ಲಿ ಹಿಂಡುವ ಯಂತ್ರಗಳು ಓಡುತ್ತಿದ್ದವು. "ಅರ್ಧ ದಿನದ ಕೂಲಿ ಹೋಯ್ತು" ಎಂದು ಮೇಸ್ತ್ರಿ ಕೈಯಾಡಿಸಿ ತೋರಿಸಿದ. ನಾನು ನನ್ನ ಜಾಗದಲ್ಲಿ ನಿಂತೆ. ಈಗ ಆಚೆ ತುದಿಗೆ ಚಾದರದಕ್ಕ ನಿಲ್ಲುತ್ತಾಳೆ. ಎಳೆದೆವು, ಕೊಡವಿದೆವು. ಹತ್ತಿರ ಬಂದಾಗ ಅವಳು ನನ್ನ ಮುಖ ನೋಡಿದಳು.

"ಏನಾಯ್ತೇ?"

"ಆಗಬೇಕು."

"ಏನು? ಕೇಳಿಸ್ಲಿಲ್ಲ ಕಣೇ, ಜೋರಾಗಿ ಹೇಳು!"

"ಆಗಬೇಕು ಅಂದೆ!"

ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ತೊಟ್ಟಿಯ ಹತ್ತಿರ ಇದ್ದವರು ತಿರುಗಿದರು. ಸುಟ್ಟ ಕೈಯವರು, ಬರಿಗೈಯವರು. ಮೇಸ್ತ್ರಿಯೂ ತಿರುಗಿದ.

ನಾಲ್ಕು ಮಡಿಕೆ ಮುಗಿಯಿತು. ಚಾದರವನ್ನು ರಾಶಿಗೆ ಹಾಕಬೇಕಿತ್ತು. ಚಾದರದಕ್ಕ ಕೈ ಬಿಡಲಿಲ್ಲ. ಇನ್ನೊಂದು ಮಡಿಕೆಗೆ ನನ್ನ ಕಡೆಗೆ ನಡೆದು ಬಂದಳು.