ತಳದಲ್ಲಿ ತಂಪಿತ್ತು

ಶಂಶಾಬಾದ್ ಆಚೆಯ ಕೆರೆಯೊಂದರ ಉಷ್ಣಾಂಶವನ್ನು ಮಧುರಾ ಮೂರು ವರ್ಷಗಳಿಂದ ಪ್ರತಿ ವಾರ ಅಳೆಯುತ್ತಿದ್ದಳು. ಅವಳಿಗೆ ದೋಣಿ ನಡೆಸುತ್ತಿದ್ದವನು ಅದೇ ಕೆರೆಯಲ್ಲಿ ಮೀನು ಸಾಕುತ್ತಿದ್ದ, ರಾಯಚೂರು ಕಡೆಯ ಮೀನುಗಾರ ಅಂಬಣ್ಣ. ನೀರು ಪ್ರತಿ ಬೇಸಿಗೆಗೂ ಹೆಚ್ಚು ಕಾಯುತ್ತಿತ್ತು.

ಈ ಏಪ್ರಿಲ್‌ನಲ್ಲಿ ಅವನು ನೀರಿಗೆ ಕೈಯಿಟ್ಟು, "ಭಾಳ ಕಾದೈತ್ರಿ ಮೇಡಂ. ಮೀನು ಈಗಲೇ ಹಿಡಿದುಬಿಡ್ಲೇನ್ರಿ?" ಎಂದು ಕೇಳಿದ.

"ಇನ್ನೂ ಸಣ್ಣವು, ಬೆಳೆಯಲಿ. ತಳದಲ್ಲಿ ತಂಪಿದೆ, ಅಲ್ಲಿಗೆ ಇಳಿಯುತ್ತವೆ ಬಿಡಿ," ಎಂದಳು ಮಧುರಾ.

ಆ ವಾರ ಗಾಳಿಯೇ ಬೀಸಲಿಲ್ಲ. ಮೇಲಿನ ಬಿಸಿನೀರು ಕೆಳಗಿನದರೊಂದಿಗೆ ಬೆರೆಯದೆ ನಿಂತುಬಿಟ್ಟಿತು. ಶುಕ್ರವಾರ ಬೆಳಿಗ್ಗೆ ಅಂಬಣ್ಣ ಫೋನು ಮಾಡಿದ. ಅವಳು ಬಂದಾಗ ಕೆರೆಯ ತುಂಬ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ತಳದಾಗ ತಂಪು ಇತ್ತಲ್ರಿ?" ಎಂದ.

ಮಧುರಾ ಉಪಕರಣ ಇಳಿಸಿ ನೋಡಿದಳು. "ತಂಪೇನೋ ಇದೆ. ಆದರೆ ಮೇಲಿನ ನೀರು ಬೆರೆಯದೆ ಅಲ್ಲಿ ಆಮ್ಲಜನಕವೇ ಉಳಿದಿಲ್ಲ. ನಾನು ಹೇಳಿದ್ದು ತಪ್ಪಾಯಿತು, ಅಂಬಣ್ಣ."

"ಅಂದ್ರ ಉಸಿರುಕಟ್ಟಿ ಸತ್ತಾವ. ಭಾಳ ಹೊತ್ತು ಒದ್ದಾಡಿರ್ತಾವೇನ್ರಿ?"

ಅವಳು ಉಪಕರಣವನ್ನು ಮೇಲೆತ್ತಿದಳು. ಅವನು ಬೈಯಲಿಲ್ಲ, ಬುಟ್ಟಿ ಹಿಡಿದು ನೀರಿಗಿಳಿದ. ಅವಳೂ ಚಪ್ಪಲಿ ಬಿಟ್ಟು ಇಳಿದಳು. ಮಧ್ಯಾಹ್ನದವರೆಗೂ ಇಬ್ಬರೂ ಸತ್ತ ಮೀನುಗಳನ್ನು ದಡಕ್ಕೆ ಸಾಗಿಸಿದರು.

ಮುಂದಿನ ವಾರ ಅವನು ಬರಲಿಲ್ಲ. ನಗರದ ಮೆಹದಿಪಟ್ಟಣಂನಲ್ಲಿ ಕೂಲಿಗೆ ಸೇರಿದನೆಂದು ಅವನ ಹೆಂಡತಿ ಹೇಳಿದಳು. ಮಧುರಾ ದಡದಲ್ಲೇ ಕುಳಿತು ಅತ್ತಳು.