ಸೊನ್ನೆ ತೆಗೆದವರು

ಪ್ರಶ್ನೆಪತ್ರಿಕೆಯ ಕಾಗದ ಯಾವ ಬಣ್ಣದ್ದಿರಬೇಕು ಎಂಬುದಕ್ಕಿಂತ ಗಹನವಾದ ಪ್ರಶ್ನೆ ಹೊನ್ನಾಳಿಯ ಆ ಕಾಲೇಜಿನ ಇತಿಹಾಸದಲ್ಲಿ ಅದುವರೆಗೆ ಎದ್ದಿರಲಿಲ್ಲ. ಎರಡು ಮಧ್ಯಾಹ್ನ ಸಭೆ ನಡೆಯಿತು. ಬಿಳಿ ಕಾಗದ ಕಣ್ಣಿಗೆ ಹೊಡೆಯುತ್ತದೆ, ಓದಲು ತಡವರಿಸುವ ಮಕ್ಕಳಿಗೆ ತಿಳಿಹಳದಿ ಒಳ್ಳೆಯದು ಎಂದು ವಾಣಿಜ್ಯ ವಿಭಾಗದ ನೇತ್ರಾವತಿ ವಾದಿಸಿದಳು. ಹಳದಿಯಾದರೆ ಮದುವೆ ಕರೆಯೋಲೆಯ ಹಾಗೆ ಕಾಣುತ್ತದೆ ಎಂಬುದು ಪ್ರಾಂಶುಪಾಲ ಷಣ್ಮುಖಪ್ಪನವರ ಆತಂಕವಾಗಿತ್ತು. ಕೊನೆಗೆ ಹಳದಿಯೇ ಗೆದ್ದಿತು. ನಿರ್ಣಯ ನಡಾವಳಿಯಲ್ಲಿ ದಾಖಲಾಯಿತು, ಎಲ್ಲರೂ ಮಂಡಕ್ಕಿ ಮೆಣಸಿನಕಾಯಿ ತಿಂದು ಎದ್ದರು. ತರಗತಿಗಳ ಸಮಯದ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಅದು ಇದ್ದದ್ದೇ ಅಲ್ಲವೇ?

ಪರೀಕ್ಷೆ ನೇತ್ರಾವತಿಯ ಕನಸಿನ ಕೂಸು. ಬಿ.ಕಾಂ.ಗೆ ಸೇರುವ ಹುಡುಗರಲ್ಲಿ ಎಷ್ಟೋ ಜನಕ್ಕೆ ಶೇಕಡಾವಾರು ಲೆಕ್ಕ ಬರುವುದಿಲ್ಲ, ಬರುವುದಿಲ್ಲವೆಂದು ಹೇಳಲು ಬಾಯಿಯೂ ಬರುವುದಿಲ್ಲ. ಅವರು ಒಂದು ದಿನ ಸದ್ದಿಲ್ಲದೆ ಬರುವುದನ್ನು ನಿಲ್ಲಿಸುತ್ತಾರೆ. ಅಂಥವರನ್ನು ಮೊದಲೇ ಗುರುತಿಸಿ, ಮೂವತ್ತು ಜನರನ್ನು ಸೇತುಬಂಧ ಎಂಬ ಬೇರೆ ತರಗತಿಯಲ್ಲಿ ಕೂರಿಸಿ, ಬುಡದಿಂದ ಕಲಿಸಬೇಕೆಂಬುದು ಅವಳ ಯೋಜನೆ. ಪ್ರಶ್ನೆಗಳು ನಲವತ್ತು, ಒಂದೊಂದಕ್ಕೂ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಗುರುತು ಹಾಕಿದರಾಯಿತು. ಅಕ್ಷರ ದಪ್ಪ, ಭಾಷೆ ಸರಳ. ಮಕ್ಕಳಿಗೆ ಅನುಕೂಲವಾಗಲೆಂದು ಎರಡೂ ತರಗತಿಗಳ ವೇಳಾಪಟ್ಟಿಯನ್ನು ವಾರ ಮೊದಲೇ ಫಲಕಕ್ಕೆ ಅಂಟಿಸಿದ್ದಳು.

ಅವಳ ಮನಸ್ಸಿನಲ್ಲಿದ್ದ ಮೊದಲ ಹೆಸರು ಕಲ್ಲೇಶನದು. ಜಗಳೂರಿನ ಹುಡುಗ, ಪಿಯುಸಿಯನ್ನು ಎರಡನೇ ಸಲಕ್ಕೆ ದಾಟಿದವನು, ಈಗ ಹೊನ್ನಾಳಿಯ ಹಾಸ್ಟೆಲ್ಲಿನಲ್ಲಿದ್ದ. ಸೇರಿಸಲು ಬಂದ ಅವನ ತಾಯಿ ಉಚ್ಚಂಗೆಮ್ಮ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಕರಾರು ಮಾಡಿದ್ದಳು.

"ನನ್ ಮಗ ದಡ್ಡ ಅಲ್ರೀ ಮೇಡಂ. ಯಾರೂ ಕೂರಿಸ್ಕೊಂಡು ಹೇಳ್ಲಿಲ್ಲ, ಅಷ್ಟೆ. ನೀವು ಹೇಳಿಕೊಡ್ತೀನಿ ಅಂದ್ರೆ ಬಿಟ್ಟು ಹೋಗ್ತೀನಿ. ಇಲ್ಲಾಂದ್ರೆ ಈಗ್ಲೇ ಕರ್ಕೊಂಡೋಗಿ ಗ್ಯಾರೇಜಿಗೆ ಹಾಕ್ತೀನಿ."

ಹೇಳಿಕೊಡುತ್ತೇನೆ ಎಂದು ನೇತ್ರಾವತಿ ಮಾತು ಕೊಟ್ಟಿದ್ದಳು.

ಫಲಿತಾಂಶ ಬಂದ ದಿನ ಅವಳು ಕುರ್ಚಿಯಿಂದ ಏಳಲೇ ಇಲ್ಲ. ಇಪ್ಪತ್ತೆಂಟು ಜನ ಸೊನ್ನೆ ತೆಗೆದಿದ್ದರು. ಇನ್ನಿಬ್ಬರು ಒಂದೊಂದು ಅಂಕ. ಸೇತುಬಂಧದ ಮೂವತ್ತು ಜಾಗವೂ ಅಲ್ಲಿಗೆ ಭರ್ತಿ. ಕಲ್ಲೇಶ್ ಒಂಬತ್ತು ತೆಗೆದಿದ್ದ, ಆದ್ದರಿಂದ ಬೆಳಗಿನ ಮಾಮೂಲಿ ತರಗತಿಗೆ ಹೋಗಿ ಬಿದ್ದಿದ್ದ.

ಈ ತಾಲ್ಲೂಕಿನ ಗತಿ ಇಷ್ಟಕ್ಕೆ ಬಂತೇ ಎಂದು ಷಣ್ಮುಖಪ್ಪನವರು ಹಣೆ ಒತ್ತಿಕೊಂಡರು. ನೇತ್ರಾವತಿಗೆ ಮಾತ್ರ ಬೇರೆಯೇ ಏನೋ ಚುಚ್ಚುತ್ತಿತ್ತು. ಕಣ್ಣು ಮುಚ್ಚಿ ಗುರುತು ಹಾಕಿದರೂ ನಲವತ್ತಕ್ಕೆ ಹತ್ತರ ಸುಮಾರು ಬಿದ್ದೇ ಬೀಳುತ್ತದೆ. ಕಲ್ಲೇಶನಿಗೆ ಬಿದ್ದದ್ದು ಅದೇ. ಸೊನ್ನೆಯವರು ಯಾರೂ ಒಂದು ಪ್ರಶ್ನೆಯನ್ನೂ ಖಾಲಿ ಬಿಟ್ಟಿರಲಿಲ್ಲ. ನಲವತ್ತೂ ತಪ್ಪಾಗಬೇಕಾದರೆ ನಲವತ್ತರ ಸರಿ ಉತ್ತರವೂ ಗೊತ್ತಿರಬೇಕು. ಸೊನ್ನೆಯವರೆಲ್ಲ ಎಲ್ಲಿಯವರೆಂದು ನೋಡಿದಳು. ಎಲ್ಲರೂ ಗೋವಿನಕೋವಿ ಕಡೆಯ ಬಸ್ಸಿನವರು.

ಅವರಲ್ಲಿ ಚೈತ್ರಾ ಎಂಬವಳು ಪಿಯುಸಿಯ ಲೆಕ್ಕಶಾಸ್ತ್ರದಲ್ಲಿ ನೂರಕ್ಕೆ ನೂರು ತೆಗೆದವಳು. ಅವಳನ್ನು ಕರೆಸಿ, ಏನಮ್ಮಾ ಇದು ಎಂದು ಕೇಳಿದಾಗ ಹುಡುಗಿ ಅಳುಕಲೂ ಇಲ್ಲ.

"ಮಾಮೂಲಿ ಕ್ಲಾಸು ಎಂಟಕ್ಕೆ ಮೇಡಂ. ನಮ್ ಬಸ್ಸು ಬರಾದೇ ಒಂಬತ್ತೂವರೆಗೆ. ಸೇತುಬಂಧ ಹತ್ತಕ್ಕೆ ಐತೆ. ನೀವೇ ಹಾಕಿದ್ರಲ್ಲ ಬೋರ್ಡಿಗೆ."

"ಅದಕ್ಕೆ ಸೊನ್ನೆ ತಗೋಬೇಕಿತ್ತಾ?"

"ಎಷ್ಟಕ್ಕಿಂತ ಕಮ್ಮಿ ಇದ್ರೆ ದಡ್ಡರು ಅಂತ ನೀವು ಹೇಳಿರ್ಲಿಲ್ಲ. ಸೇಫ್ ಆಗಿರ್ಲಿ ಅಂತ ಬಸ್ಸಲ್ಲೇ ಮಾತಾಡ್ಕೊಂಡ್ವಿ."

"ಮತ್ತೆ ಆ ಇಬ್ಬರು ಒಂದೊಂದು ತಗೊಂಡಿದಾರೆ?"

"ಅವರಿಗೆ ಅದೊಂದರ ಉತ್ತರ ನಿಜವಾಗ್ಲೂ ಗೊತ್ತಿರ್ಲಿಲ್ಲ ಮೇಡಂ. ಬೈದಿದೀವಿ."

ನೇತ್ರಾವತಿ ನೀರು ಕುಡಿದಳು. ಎಂಟು ಗಂಟೆಯ ಏರ್ಪಾಡು ಎಂದೋ ಆದದ್ದು. ಪೇಟೆಯ ಮಕ್ಕಳು ಪಾಠ ಮುಗಿಸಿ ಅಪ್ಪಂದಿರ ಅಂಗಡಿಯಲ್ಲಿ ಕೂರಲೆಂದು ಯಾರೋ ಮಾಡಿದ್ದರು. ಇಷ್ಟು ವರ್ಷ ಹಳ್ಳಿಯವರು ಮೊದಲ ಎರಡು ಪಾಠ ಕಳೆದುಕೊಂಡೇ ಪದವಿ ಮುಗಿಸಿದ್ದರು, ಅಥವಾ ಮುಗಿಸಿರಲಿಲ್ಲ. ಹತ್ತು ಗಂಟೆಯ ತರಗತಿ ಅವರ ಕಣ್ಣಿಗೆ ಬಿದ್ದದ್ದು ಇದೇ ಮೊದಲು.

ಕಲ್ಲೇಶನನ್ನಾದರೂ ಉಳಿಸಿಕೊಳ್ಳೋಣವೆಂದು ಅವನಿಗೆ ಹೇಳಿಕಳಿಸಿದಳು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದು ನಿಂತ. ಮುಖದಲ್ಲಿ ಅವಳು ಎಂದೂ ಕಾಣದ ಕಳೆ ಇತ್ತು.

"ಗೋವಿನಕೋವಿ ಬಸ್ಸಿನೋರೆಲ್ರಿಗಿಂತ ನಾನೇ ಜಾಸ್ತಿ ತಗೊಂಡೀನಂತೆ ಮೇಡಂ. ಅವ್ವಗೆ ಫೋನ್ ಮಾಡಿ ಹೇಳ್ದೆ. ಓಣಿಗೆಲ್ಲ ಪೇಡೆ ಹಂಚ್ಯಾಳೆ."

ನೇತ್ರಾವತಿ ಬೆಳಗಿನ ಪಾಠ ತಿಳಿಯುತ್ತಿದೆಯೇ ಎಂದು ಕೇಳಿದಳು. ಅವನು ಕಿಟಕಿಯ ಕಡೆ ನೋಡಿದ.

"ಒಂದಕ್ಷರ ತಿಳಿತಿಲ್ಲ. ಆದ್ರೆ ಆ ದಡ್ಡರ ಕ್ಲಾಸಿಗೆ ಮಾತ್ರ ಹಾಕ್ಬೇಡ್ರಿ. ಹಾಕಿದ್ರೆ ಜಗಳೂರು ಬಸ್ ಹತ್ತಿಬಿಡ್ತೀನಿ. ಅವ್ವನ ಮುಖ ಹೆಂಗೆ ನೋಡ್ಲಿ?"

ದಡ್ಡರ ಕ್ಲಾಸಿನಲ್ಲಿ ಆ ಹೊತ್ತು ಕಾಲೇಜಿನ ಇಪ್ಪತ್ತೆಂಟು ಜಾಣರು ಕೂತು, ಕೂಡುವ ಕಳೆಯುವ ಲೆಕ್ಕಕ್ಕೆ ಆಕಳಿಸುತ್ತಿದ್ದರು. ಅದನ್ನು ಅವನಿಗೆ ಹೇಳುವ ಧೈರ್ಯ ಅವಳಿಗಾಗಲಿಲ್ಲ. ನೇರ ಪ್ರಾಂಶುಪಾಲರ ಕೋಣೆಗೆ ನಡೆದಳು.

ನಾವು ಇಷ್ಟು ಮಾಡಿ ಅಳೆದದ್ದು ಬಸ್ಸಿನ ಟೈಮನ್ನು ಎಂದು ಅವಳು ವಿವರಿಸಿದಾಗ ಷಣ್ಮುಖಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಲ್ಲರಿಗೂ ಹತ್ತಕ್ಕೆ ಒಂದೇ ತರಗತಿ ಮಾಡಿ, ಪ್ರತಿ ಪಾಠದ ಮೊದಲರ್ಧ ಬುಡದಿಂದ ಹೇಳಿ, ಬಸ್ಸಿನವರಿಂದ ಉಳಿದವರಿಗೆ ಲೆಕ್ಕ ಹೇಳಿಸೋಣ ಎಂದಳು. ಪೇಟೆಯವರು ಜಗಳಕ್ಕೆ ಬರುತ್ತಾರೆ ಎಂದು ಅವರು ಗೊಣಗಿದರು. ಬರಲಿ, ಬಂದವರಿಗೂ ಆ ಪತ್ರಿಕೆ ಕೊಟ್ಟು ನೋಡೋಣ ಎಂದಳು.

ಅವರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು.

"ಹಂಗಾದ್ರೆ ಹಳದಿ ಕಾಗದ?"

"ಅಕ್ಷರ ಚೆನ್ನಾಗಿ ಕಂಡವಂತೆ ಸರ್."

ಸೋಮವಾರದಿಂದ ಎಲ್ಲರಿಗೂ ಹತ್ತು ಗಂಟೆಗೆ ಒಂದೇ ತರಗತಿ ಶುರುವಾಯಿತು. ಫಲಕದಿಂದ ಹಳೆಯ ಎರಡೂ ವೇಳಾಪಟ್ಟಿ ಕಿತ್ತರು. ಕಲ್ಲೇಶ್ ಮೊದಲ ಸೆಮಿಸ್ಟರಿನಲ್ಲಿ ಲೆಕ್ಕಶಾಸ್ತ್ರವೊಂದನ್ನು ಬಿಟ್ಟು ಉಳಿದ ಎಲ್ಲದರಲ್ಲೂ ಪಾಸಾದ.